ಮೊಳೆಬಾಯಿಯ ಬುದ್ಧಿಹಲ್ಲು

ನಮ್ಮ ಭಾವನಿಗೆ ಬುದ್ಧಿಹಲ್ಲು ಯಾವಾಗ ಬಂತೋ ಯಾರಿಗೂ ಗೊತ್ತಿಲ್ಲ. ಬುದ್ಧಿ ಬಂದದ್ದನ್ನಂತೂ ಯಾರೂ ನೋಡಿರಲಿಲ್ಲ, ಆದ್ದರಿಂದ ಆ ಹಲ್ಲಿನ ಬಗ್ಗೆಯೂ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಅಂಥದ್ದೊಂದು ಅವರ ಬಾಯೊಳಗೆ ಇದೆ ಎಂದು ನಮಗೆ ತಿಳಿದದ್ದು ಅದು ಹುಳುಕಾಗಿ, ಎಡಗೆನ್ನೆ ಊದಿಕೊಂಡು, ಅವರು ಊಟವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಾಗ. ಭಾವ ಊಟ ಬಿಟ್ಟರು ಎಂದರೆ ವಿಷಯ ಸಣ್ಣದಲ್ಲ ಎಂದು ಅಕ್ಕನಿಗೆ ಆಗಲೇ ಗೊತ್ತಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಸುಬು ಕುಶನ್ ಕೆಲಸ. ಕುಸಿದ ಸೋಫಾ, ಹೊಟ್ಟೆ ಹರಿದ ಕುರ್ಚಿ, ಬೆಕ್ಕು ಪರಚಿದ ದಿವಾನ, ಇವುಗಳನ್ನೆಲ್ಲ ಬಿಚ್ಚಿ ಮತ್ತೆ ಮನುಷ್ಯರು ಕೂರುವಂತೆ ಮಾಡುವುದು. ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಹತ್ತಿರ, ಬೆಳಕಿರುವ ಕಡೆ ಭಾವ. ಹಿಂದುಗಡೆ, ಫೋಮಿನ ಹಾಳೆಗಳನ್ನು ಸೂರಿನ ತನಕ ಒಟ್ಟಿರುವ ಮಬ್ಬಿನಲ್ಲಿ, ಹೊಲಿಗೆ ಯಂತ್ರದ ಮುಂದೆ ನಾನು. ಗವುಸು ಹೊಲಿಯುವುದು ನನ್ನ ಕೆಲಸ, ಅದನ್ನು ಕುರ್ಚಿಗೆ ಎಳೆದು ಮೊಳೆ ಹೊಡೆಯುವುದು ಅವರ ಕೆಲಸ. ‘ನಿಂದು ನೂಲು, ನಂದು ಮೊಳೆ’ ಎಂದು ನಾನು ಸೇರಿದ ದಿನವೇ ಆಸ್ತಿ ಪಾಲು ಮಾಡಿಬಿಟ್ಟಿದ್ದರು. ಅಲ್ಲಿಂದೀಚೆಗೆ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟದ್ದೇ ಇಲ್ಲ.

ಬೀದಿಯವರು ಅವರನ್ನು ಮೊಳೆಬಾಯಿ ಎಂದು ಕರೆಯುತ್ತಾರೆ. ಬೈಗುಳವಲ್ಲ, ಇರುವುದೇ ಹಾಗೆ. ಕೆಲಸಕ್ಕೆ ನಿಂತ ಕೂಡಲೇ ಡಬ್ಬಿಯಿಂದ ಸಣ್ಣ ಮೊಳೆಗಳನ್ನು ಬಾಚಿ ಬಾಯಿಗೆ ಹಾಕಿಕೊಂಡು ಎಡಗೆನ್ನೆಯೊಳಗೆ ಸೇರಿಸುತ್ತಾರೆ. ಆಮೇಲೆ ನಾಲಿಗೆಯ ಕೆಲಸ. ಅದು ಒಂದು ಮೊಳೆಯನ್ನು ಹೆಕ್ಕಿ, ಮೊನೆ ಯಾವ ಕಡೆ ತಲೆ ಯಾವ ಕಡೆ ಎಂದು ಕತ್ತಲಲ್ಲೇ ತಿಳಿದು, ತಿರುಗಿಸಿ, ತಲೆ ಮುಂದಾಗಿ ತುಟಿಗೆ ತಂದು ನಿಲ್ಲಿಸುತ್ತದೆ. ಅವರ ಸುತ್ತಿಗೆಯ ಒಂದು ತುದಿ ಅಯಸ್ಕಾಂತ. ಅದನ್ನು ತುಟಿಗೆ ತಾಗಿಸಿದರೆ ಮೊಳೆ ಅಂಟಿಕೊಂಡು ಬರುತ್ತದೆ. ಒಂದು ಏಟಿಗೆ ಬಟ್ಟೆಯನ್ನು ಕಚ್ಚಿಸಿ, ಸುತ್ತಿಗೆ ತಿರುಗಿಸಿ, ಇನ್ನೊಂದು ಏಟಿಗೆ ಮರದೊಳಕ್ಕೆ. ಬಟ್ಟೆ ಎಳೆದು ಹಿಡಿಯಲು ಒಂದು ಕೈ ಬೇಕು, ಸುತ್ತಿಗೆಗೆ ಒಂದು ಕೈ ಬೇಕು, ಮೊಳೆ ಹಿಡಿಯಲು ದೇವರು ಮೂರನೇ ಕೈ ಕೊಡುವ ಬದಲು ನಾಲಿಗೆ ಕೊಟ್ಟ ಎಂಬುದು ಭಾವನ ಸಿದ್ಧಾಂತ. ನಾಲಿಗೆಯಿಂದ ಮಾತನ್ನೂ ಆಡಬಹುದು ಎಂಬುದು ಅವರ ಪ್ರಕಾರ ಆಮೇಲೆ ಕಂಡುಹಿಡಿದ ಉಪಯೋಗ. ಮೊಳೆ ಬಾಯಲ್ಲಿರುವಷ್ಟು ಹೊತ್ತು ಅವರು ಮಾತಾಡುವಂತಿಲ್ಲ, ತಮ್ಮ ದಾಂಪತ್ಯ ಉಳಿದದ್ದೇ ಇದರಿಂದ ಎಂದು ಅಕ್ಕ ಬಹಿರಂಗವಾಗಿಯೇ ಹೇಳುತ್ತಾಳೆ.

ಈಗ ಎಲ್ಲ ಕಡೆ ಗಾಳಿಯ ಪಿಸ್ತೂಲು ಬಂದಿದೆ. ಟಕಟಕ ಎಂದು ಪಿನ್ನು ಹೊಡೆದು ಸಂಜೆಯೊಳಗೆ ಒಂದು ಸೋಫಾ ಮುಗಿಸುತ್ತಾರೆ. ಅದರ ಹೆಸರೆತ್ತಿದರೆ ಭಾವನ ಮುಖ ಗಂಟಾಗುತ್ತದೆ. ‘ಕಾಗದಕ್ಕೆ ಹೊಡೆಯೋ ಪಿನ್ನು ತಂದು ಕುರ್ಚಿಗೆ ಹೊಡೀತಾರೆ. ನಾಳೆ ಗೋಂದು ಹಚ್ಚಿ ಮನೆ ಕಟ್ತಾರೆ’ ಎನ್ನುತ್ತಾರೆ. ಅಂಗಡಿಯ ಮುಂದೆ ಬೋರ್ಡು ಬೇರೆ ಇದೆ: ‘ಎಸೆಯುವ ಮುನ್ನ ನಮಗೆ ತೋರಿಸಿ’. ಅದನ್ನು ಅವರು ಗಿರಾಕಿಗಳಿಗೆಂದು ಬರೆಸಿದರೋ ಹೆಂಡತಿಗೆಂದು ಬರೆಸಿದರೋ ಹೇಳುವುದು ಕಷ್ಟ, ಯಾಕೆಂದರೆ ಮನೆಯಲ್ಲಿ ಅಕ್ಕನಿಗೆ ಒಂದು ಒಡೆದ ಬಕೆಟ್ಟನ್ನೂ ಹೊರಗೆ ಹಾಕುವ ಅಧಿಕಾರವಿಲ್ಲ. ಅಡುಗೆಮನೆಯ ಮೇಜು ಗೋಡೆಗೆ ಒರಗಿಕೊಂಡು ಬದುಕುತ್ತಿದೆ. ಕೊಡೆಯೊಂದರ ಹಿಡಿ ಮೊದಲು ಕುರ್ಚಿಯ ಕಾಲಾಗಿತ್ತು.

ಇಂಥವರ ಹಲ್ಲು ಹುಳುಕಾದರೆ ಏನಾಗಬೇಕೋ ಅದೇ ಆಯಿತು. ಮೊದಲು ಅವರು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಆಮೇಲೆ ಮೊಳೆಗಳನ್ನು ಬಲಗೆನ್ನೆಗೆ ವರ್ಗ ಮಾಡಿದರು. ಎಡಕ್ಕೆ ಪಳಗಿದ ನಾಲಿಗೆಗೆ ಬಲಗಡೆಯ ಭೂಗೋಳ ಗೊತ್ತಿರಲಿಲ್ಲ. ಮೊಳೆಗಳು ನೆಲಕ್ಕೆ ಉದುರಿದವು, ಅವುಗಳ ಹಿಂದೆಯೇ ಬೈಗುಳಗಳು ಉದುರಿದವು. ಗಿರಾಕಿಗಳಿಗೆ ಕೆನ್ನೆ ಕಾಣಿಸಿದ್ದೇ ತಡ, ಊರಿನಲ್ಲಿ ಇಷ್ಟೊಂದು ಹಲ್ಲಿನ ಪಂಡಿತರಿದ್ದಾರೆ ಎಂದು ನನಗೆ ಗೊತ್ತಾಯಿತು. ಸೋಫಾ ತಂದವರು ಕೀಳಿಸಿಬಿಡಿ ಎಂದರು. ಸ್ಟೂಲು ತಂದವರು ಕೀಳಿಸಿದರೆ ಕಣ್ಣಿಗೆ ಹೋಗುತ್ತದೆ, ನಮ್ಮ ಚಿಕ್ಕಪ್ಪನಿಗೆ ಹೋಯಿತು ಎಂದರು. ಚಿಕ್ಕಪ್ಪನ ವಯಸ್ಸು ವಿಚಾರಿಸಿದರೆ ಹಲ್ಲು ಕೀಳಿಸದಿದ್ದರೂ ಕಣ್ಣು ಹೋಗುವಂಥದ್ದು. ಭಾವ ಎಲ್ಲರಿಗೂ ತಲೆಯಾಡಿಸಿ, ಎಲ್ಲವನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟರು. ಕೊನೆಗೆ ಅಕ್ಕ ಕಡ್ಡಿ ಮುರಿದಂತೆ ಹೇಳಿದಳು: ‘ನಾಳೆ ಡಾಕ್ಟರ ಹತ್ರ ಹೋಗ್ತೀರೋ, ಇಲ್ಲ ನಾನೇ ಬೋರ್ಡು ನೋಡ್ಕೊಂಡು ನಿಮ್ಮನ್ನ ಅಂಗಡೀಲಿ ಬಿಟ್ಟು ಬರ್ಲೋ?’ ನನ್ನ ಕಡೆ ತಿರುಗಿ, ‘ನೀನೂ ಹೋಗು. ಅರ್ಧ ದಾರೀಲಿ ಇಳಿದು ಓಡಿಹೋಗ್ತಾರೆ’ ಎಂದಳು.

ಹಲ್ಲಿನ ಆಸ್ಪತ್ರೆ ಒಂದು ಬಣ್ಣದ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಮೂಗಿಗೆ ಕೆಳಗಿನ ಪೇಂಟಿನ ವಾಸನೆ, ಮೇಲಿನ ಔಷಧಿಯ ವಾಸನೆ ಎರಡೂ ಒಟ್ಟಿಗೆ ಬರುತ್ತಿದ್ದವು. ಗೋಡೆಯ ಮೇಲೆ ಹಲ್ಲು ಕಿರಿಯುತ್ತಿರುವ ಒಂದು ಸಂಸಾರದ ಚಿತ್ರ. ಅಷ್ಟು ಸಂತೋಷಪಡುವಂಥದ್ದು ಅವರಿಗೆ ಏನಾಗಿತ್ತೋ ತಿಳಿಯದು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮುಖಗವುಸಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

‘ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ’ ಎಂದರು.

ಭಾವ ಕೂರಲಿಲ್ಲ. ಆ ಉದ್ದ ಕುರ್ಚಿಯ ಸೀಟನ್ನು ಹೆಬ್ಬೆರಳಿನಿಂದ ಒತ್ತಿದರು. ಬಗ್ಗಿ ಅಂಚಿನ ಹೊಲಿಗೆ ನೋಡಿದರು. ತಲೆ ಇಡುವ ಜಾಗದಲ್ಲಿ ರೆಕ್ಸಿನ್ ಸೀಳಿತ್ತು, ಅದರ ಮೇಲೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದ್ದರು.

‘ಇದನ್ನ ಯಾರು ಮಾಡಿದ್ದು?’ ಎಂದು ಕೇಳಿದರು ಭಾವ.

‘ನಾನೇ.’

‘ಹಾಗಾದ್ರೆ ನನ್ನ ಹಲ್ಲು?’

‘ಅದನ್ನೂ ನಾನೇ ಮಾಡ್ಬೇಕು. ಕೂತ್ಕೊಳ್ಳಿ.’

ಕೂತರು. ಎಕ್ಸ್‌ರೇ ಆಯಿತು. ಪರದೆಯ ಮೇಲೆ ಭಾವನ ದವಡೆ ಬೂದು ಬಣ್ಣದಲ್ಲಿ ಮೂಡಿತು. ಬೇರೆ ಹಲ್ಲುಗಳೆಲ್ಲ ಸಾಲಾಗಿ ನಿಂತಿದ್ದರೆ, ಕೊನೆಯದು ಮಾತ್ರ ಪಕ್ಕದ ಹಲ್ಲಿನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿತ್ತು. ಅದರ ನೆತ್ತಿಯ ಮೇಲೆ ಬೆಳ್ಳಗೆ ಹೊಳೆಯುವ ಒಂದು ಗುಂಡನೆಯ ಚುಕ್ಕೆ.

‘ಇದಕ್ಕೆ ಮೊದಲೇ ಎಲ್ಲೋ ತೋರಿಸಿದ್ದೀರಿ’ ಎಂದರು ಡಾಕ್ಟರಮ್ಮ. ‘ಏನೋ ಲೋಹ ಹಾಕಿದ್ದಾರೆ. ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ. ಯಾರು ಮಾಡಿದ್ದು?’

ಭಾವ ಸೂರು ನೋಡಿದರು. ‘ನಾನೇ’ ಎಂದರು.

ವಿಷಯ ಹೊರಬಿತ್ತು. ಹಲ್ಲಿನಲ್ಲಿ ಗುಳಿ ಬಿದ್ದದ್ದು ಅವರಿಗೆ ಎಂದೋ ಗೊತ್ತಾಗಿತ್ತು. ಕುರ್ಚಿಯ ಸೀಟಿಗೆ ಗುಳಿ ಬಿದ್ದರೆ ಏನು ಮಾಡುತ್ತಾರೋ ಅದನ್ನೇ ಮಾಡಿದ್ದರು. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುಂಬಿ, ಅಲಂಕಾರಕ್ಕೆ ಹೊಡೆಯುವ ಹಿತ್ತಾಳೆ ಮೊಳೆಯ ಗುಂಡು ತಲೆಯನ್ನು ಕತ್ತರಿಸಿ, ಅಂಗಡಿಯ ಕನ್ನಡಿಯ ಮುಂದೆ ನಿಂತು ಮೇಲೆ ಮುಚ್ಚಳ ಕೂರಿಸಿದ್ದರು.

‘ಅದು ಹೇಗೆ ನಿಲ್ತು?’ ಡಾಕ್ಟರಮ್ಮನ ಧ್ವನಿ ಸಣ್ಣದಾಗಿತ್ತು.

‘ಅಂಟು ಹಾಕಿದೆ. ರೆಕ್ಸಿನ್ನಿಗೆ ಹಾಕೋದು’ ಎಂದ ಭಾವ, ಅವರ ಕಣ್ಣು ನೋಡಿ ಧೈರ್ಯ ಹೇಳುವಂತೆ, ‘ನೀರಿಗೆ ಬಿಡಲ್ಲ’ ಎಂದರು.

ಡಾಕ್ಟರಮ್ಮ ಕೈಗವುಸು ತೆಗೆದು ಬೇರೆ ಹಾಕಿಕೊಂಡರು. ಚಿಮಟದಂಥದ್ದರಿಂದ ಆ ಹಿತ್ತಾಳೆಯ ಮುಚ್ಚಳ ಎಬ್ಬಿಸಲು ಅವರಿಗೆ ಬೆವರಿಳಿಯಿತು. ಭಾವನ ಮುಖದಲ್ಲಿ ನೋವೂ ಹೆಮ್ಮೆಯೂ ಒಟ್ಟಿಗೆ ಕಾಣುತ್ತಿದ್ದವು. ಅದು ಹೊರಗೆ ಬಂದಾಗ ಬಂದ ವಾಸನೆಗೆ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ಪೇಂಟಿನ ವಾಸನೆ ಅಮೃತದಂತಿತ್ತು.

‘ಕೆಲಸ ಅಚ್ಚುಕಟ್ಟಾಗಿದೆ’ ಎಂದರು ಡಾಕ್ಟರಮ್ಮ. ‘ಆದ್ರೆ ಹುಳುಕನ್ನ ಒಳಗೇ ಬಿಟ್ಟು ಮುಚ್ಚಿದ್ದೀರಿ. ಅದು ಒಳಗೊಳಗೇ ತಿಂದ್ಕೊಂಡು ಬೇರಿಗೆ ಹೋಗಿದೆ. ಈಗ ದಾರಿ ಇರೋದು ಎರಡು. ರೂಟ್ ಕೆನಾಲ್ ಮಾಡಬಹುದು. ಆದ್ರೆ ಬೇರು ಕೊಕ್ಕೆ ಥರ ಬಾಗಿದೆ, ಹಲ್ಲು ವಾಲಿಕೊಂಡಿದೆ, ಬ್ರಷ್ಷು ಅಲ್ಲಿಗೆ ಹೋಗಲ್ಲ. ಕಷ್ಟಪಟ್ಟು ಮಾಡಿದ್ರೂ ಮತ್ತೆ ಹಾಳಾಗುತ್ತೆ. ಅದರ ಮೇಲ್ಗಡೆ ಜೊತೆ ಹಲ್ಲೂ ಇಲ್ಲ. ಅಂದ್ರೆ ಅದು ಏನೂ ಅಗಿಯಲ್ಲ. ಕೆಲಸವಿಲ್ಲದ ಹಲ್ಲಿಗೆ ಅಷ್ಟು ಪಾಡು ಯಾಕೆ? ತೆಗೆಸಿಬಿಡೋದು ಒಳ್ಳೇದು.’

‘ಅದಕ್ಕೆ ಕೆಲಸ ಇದೆ.’

‘ಏನು ಕೆಲಸ?’

‘ಹಿಂದಿನ ಗೋಡೆ ಅದು. ಅದಿಲ್ದಿದ್ರೆ ಮೊಳೆ ಗಂಟಲಿಗೆ ಹೋಗುತ್ತೆ.’

ಡಾಕ್ಟರಮ್ಮ ಕೈಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಖ ನೋಡಿದರು. ನಿಜ ಎಂದು ನಾನು ತಲೆಯಾಡಿಸಿದೆ. ಓದುವಾಗ ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಾರರು. ಭಾವನ ಕಡೆ ತಿರುಗಿ, ‘ಇನ್ನೊಂದು ವಿಷಯ ನಾನು ಹೇಳಲೇಬೇಕು’ ಎಂದರು. ‘ನಾಲಿಗೆಗೆ ಹೋಗೋ ನರ ಈ ಹಲ್ಲಿನ ಮಗ್ಗುಲಲ್ಲೇ ಇರುತ್ತೆ. ಕೀಳುವಾಗ ಅದಕ್ಕೆ ಪೆಟ್ಟಾದ್ರೆ ನಾಲಿಗೆ ಆ ಕಡೆ ಮರಗಟ್ಟುತ್ತೆ, ರುಚಿ ತಿಳಿಯಲ್ಲ. ಸಾಮಾನ್ಯವಾಗಿ ತಾನೇ ಸರಿಹೋಗುತ್ತೆ. ಸರಿಹೋಗದೇ ಇರೋದು ತೀರಾ ಅಪರೂಪ.’

ಬಾಯಲ್ಲಿ ಮೊಳೆಯಿಲ್ಲದೆಯೂ ಭಾವ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, ‘ರಿಪೇರಿ ಮಾಡಿ. ಕೀಳೋದು ಬೇಡ’ ಎಂದು ಎದ್ದರು. ಎದ್ದವರು ಸುಮ್ಮನೆ ಹೊರಡುವ ಆಸಾಮಿಯೇ? ತಲೆದಿಂಬಿನ ಸೀಳಿಗೆ ಬೆರಳು ತೂರಿಸಿ, ಒಳಗಿನಿಂದ ಒಂದು ಚೂರು ಫೋಮು ಕಿತ್ತು ಮೂಸಿದರು. ‘ನೋಡಿ ಅಮ್ಮಾ, ಇದು ಒಳಗೇ ಕೊಳೆತಿದೆ. ಮೇಲೆ ಎಷ್ಟು ಪಟ್ಟಿ ಅಂಟಿಸಿದ್ರೂ ಉಪಯೋಗ ಇಲ್ಲ. ಕಿತ್ತು ಬಿಸಾಕ್ಬೇಕು’ ಎಂದು ಬುದ್ಧಿ ಹೇಳಿದರು. ಡಾಕ್ಟರಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಈಗಲಾದರೂ ಈ ಮನುಷ್ಯನ ತಲೆಗೆ ಏನಾದರೂ ಹೊಳೆಯಬಹುದೆಂದು ಇಬ್ಬರೂ ಕಾದೆವು. ಹೊಳೆಯಲಿಲ್ಲ. ಡಾಕ್ಟರಮ್ಮ ಅವರನ್ನು ಮತ್ತೆ ಕೂರಿಸಿ, ಸದ್ಯಕ್ಕೆ ಹಲ್ಲಿನ ಗುಳಿಯೊಳಗೆ ಔಷಧಿ ತುಂಬಿ, ಊತಕ್ಕೆ ಮಾತ್ರೆ ಬರೆದು, ಬೇಗ ತೀರ್ಮಾನ ಮಾಡಿ ಬನ್ನಿ ಎಂದು ಕಳಿಸಿದರು.

ಮೆಟ್ಟಿಲಿಳಿಯುವಾಗ ಕೇಳಿದೆ: ‘ಹೆದರಿದ್ರಾ ಭಾವ?’

‘ಹೆದರಿಕೆ ನಿಮ್ಮಪ್ಪನಿಗೆ’ ಎಂದರು. ನಮ್ಮಪ್ಪ ತಮಗೆ ಮಾವನಾಗಬೇಕು ಎಂಬುದನ್ನೂ ಮರೆತಿದ್ದರು.

ಅಲ್ಲಿಂದ ಮನೆಯಲ್ಲಿ ಹಲ್ಲಿನ ಅಧಿವೇಶನ ಶುರುವಾಯಿತು. ಅಕ್ಕ ಕೀಳಿಸಬೇಕು ಎಂಬ ಪಕ್ಷ. ಭಾವ ರೂಟ್ ಕೆನಾಲ್ ಪಕ್ಷ, ನೋವು ಕಡಿಮೆಯಿದ್ದ ದಿನ ಏನೂ ಮಾಡಿಸಬಾರದು ಎಂಬ ಪಕ್ಷ. ನಾನು ಪಕ್ಷೇತರ, ಎರಡು ಕಡೆಯೂ ಕಡ್ಡಿಯಾಡಿಸುವವನು. ‘ಒಂದು ಪಿಸ್ತೂಲು ತಗೊಂಡುಬಿಡಿ ಭಾವ, ಬಾಯಿಗೆ ಮೊಳೆಯೂ ಬೇಡ, ಮೊಳೆಗೆ ಹಲ್ಲೂ ಬೇಡ’ ಎಂದು ನಾನು ಹೇಳಿದ ದಿನ ಅವರು ನನ್ನ ಜೊತೆ ಚಹಾಕ್ಕೆ ಬರಲಿಲ್ಲ. ಇಷ್ಟು ದೊಡ್ಡ ಗಂಡಸು ಇಕ್ಕಳಕ್ಕೆ ಹೆದರಿ ಸಿದ್ಧಾಂತದ ಹಿಂದೆ ಅಡಗಿದ್ದಾನೆ ಎಂದು ನಾನು ತೀರ್ಮಾನಿಸಿದ್ದೆ. ಬೀದಿಯಲ್ಲಿ ಒಂದಿಬ್ಬರಿಗೆ ಹೇಳಿಯೂ ಇದ್ದೆ.

ಹಲ್ಲು ಮಾತ್ರ ಯಾರ ಪಕ್ಷಕ್ಕೂ ಕಾಯಲಿಲ್ಲ. ಮಾತ್ರೆಗೆ ಇಳಿದಿದ್ದ ಊತ ಮತ್ತೆ ಏರಿತು. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಭಾವ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ತುಟಿಯ ಸಂದಿನಲ್ಲಿ ಅಂಚೆಪೆಟ್ಟಿಗೆಗೆ ಕಾಗದ ಹಾಕುವ ಹಾಗೆ ಹಾಕಿಕೊಳ್ಳುತ್ತಿದ್ದರು. ಮೊಳೆಯನ್ನೂ ಒಂದೊಂದಾಗಿ ಹಾಗೆಯೇ ಹಾಕಿಕೊಂಡು ಹಾಗೆಯೇ ತೆಗೆದು ಹೊಡೆಯುತ್ತಿದ್ದರು. ಕೈಯಿಂದ ಬಾಯಿಗೆ, ಬಾಯಿಂದ ಸುತ್ತಿಗೆಗೆ. ನೇರವಾಗಿ ಕೈಯಿಂದ ಸುತ್ತಿಗೆಗೆ ಹಾಕಬಹುದಲ್ಲ ಎಂದು ಕೇಳಬೇಕೆನಿಸಿತು, ಆದರೆ ಅವರ ಮುಖ ನೋಡಿ ಕೇಳಲಿಲ್ಲ.

ಒಂದು ಮಧ್ಯಾಹ್ನ ಅವರು ಶಟರನ್ನು ಅರ್ಧ ಎಳೆದರು. ‘ಬಾ ಇಲ್ಲಿ’ ಎಂದು ನನ್ನನ್ನು ಯಂತ್ರದಿಂದ ಎಬ್ಬಿಸಿ, ಮೊಳೆಯ ಡಬ್ಬಿ ಮುಂದೆ ಹಿಡಿದರು.

‘ಬಾಯಿ ತೆಗಿ.’

‘ಯಾಕೆ?’

‘ತೆಗಿ ಅಂದ್ರೆ ತೆಗಿ.’

ತೆಗೆದೆ. ಚಿಟಿಕೆಯಷ್ಟು ಮೊಳೆಗಳು ನಾಲಿಗೆಯ ಮೇಲೆ ಬಿದ್ದವು. ತಣ್ಣಗೆ, ಕಬ್ಬಿಣದ ಒಗರು. ‘ಮಾತಾಡಬೇಡ. ನಗಬೇಡ. ಮೊನೆ ಚುಚ್ಚುತ್ತೆ, ತಲೆ ಚುಚ್ಚಲ್ಲ, ಅಷ್ಟೇ ವಿದ್ಯೆ. ಉಗುಳು ನುಂಗೋ ಮುಂಚೆ ಎಲ್ಲ ಕೆನ್ನೆಗೆ ಒತ್ತು. ಕೆಮ್ಮು ಬಂತೋ, ಮರ್ಯಾದೆ ನೋಡಬೇಡ, ಉಗಿದುಬಿಡು. ನೀನು ನುಂಗಿದ್ರೆ ನಿಮ್ಮಕ್ಕ ಕೇಳೋದು ನನ್ನನ್ನ.’ ಬಾಯಿ ತೆರೆಯಲಾರದ ಅವರು ಹಲ್ಲುಗಳ ಸಂದಿನಿಂದಲೇ ಇಷ್ಟನ್ನೂ ಹೇಳಿದರು. ನಾನು ಒಂದನ್ನು ತಿರುಗಿಸಲು ಹೋದೆ. ಎಲ್ಲವೂ ತಿರುಗಿದವು. ನಾಲಿಗೆಗೆ ಚುಚ್ಚಿ, ಕಣ್ಣಲ್ಲಿ ನೀರು ಬಂದು, ಅಂಗೈಗೆ ಉಗಿದು ನೋಡಿದರೆ ಜೊಲ್ಲಿನ ಜೊತೆ ರಕ್ತ.

‘ಈಗ್ಯಾಕೆ ಭಾವ ಇದೆಲ್ಲ? ಇಷ್ಟು ವರ್ಷ ಮುಟ್ಟಬೇಡ ಅಂದ್ರಿ.’

ಅವರು ಸ್ಟೂಲಿನ ಮೇಲೆ ಕೂತು ಸುತ್ತಿಗೆಯ ಹಿಡಿಯನ್ನು ಉಜ್ಜುತ್ತಿದ್ದರು. ‘ಡಾಕ್ಟರಮ್ಮ ಹೇಳಿದ್ದು ಕೇಳಿಸ್ಲಿಲ್ವಾ ನಿನಗೆ?’

‘ಅಪರೂಪ ಅಂದ್ರು.’

‘ಆ ಅಪರೂಪದವನು ನಾನೇ ಆದ್ರೆ? ಹಲ್ಲು ಹೋದ್ರೆ ಹೋಗ್ಲಿ, ಹಾಳಾಗಿ ಹೋಗ್ಲಿ. ನಾಲಿಗೆಗೆ ಮೊನೆ ಯಾವುದು ತಲೆ ಯಾವುದು ಅಂತ ಗೊತ್ತಾಗ್ದೇ ಹೋದ್ರೆ, ನಾನು ಇಲ್ಲಿ ಯಾರು?’

ಅಲ್ಲಿಯ ತನಕ ನಾನು ಆ ಮನುಷ್ಯನನ್ನು ಪುಕ್ಕಲ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಯಾಕೆಂದರೆ ಭಾವ ಎಂದೂ ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದವರಲ್ಲ. ಈಗ ಕಾಯುತ್ತಿದ್ದರು. ಅಂಗೈಯಲ್ಲಿದ್ದ ಮೊಳೆಗಳನ್ನು ಅಂಗಿಗೆ ಒರೆಸಿ ಮತ್ತೆ ಬಾಯಿಗೆ ಹಾಕಿಕೊಂಡೆ.

ಬಾಯಲ್ಲಿ ಇಟ್ಟುಕೊಂಡು ನುಂಗದೆ ಇರುವಷ್ಟನ್ನು ನಾನು ಕಲಿತ ಮೇಲೆ, ಊತ ಒಂದಿಷ್ಟು ಇಳಿದಿದ್ದ ಒಂದು ಬೆಳಿಗ್ಗೆ ಅವರೇ, ‘ನಡಿ, ಕೀಳಿಸ್ಕೊಂಡು ಬರೋಣ’ ಎಂದರು.

ಕೀಳುವುದು ಸುಲಭದಲ್ಲಿ ಮುಗಿಯಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಗೋಡೆಯ ಸಂಸಾರದ ಹಲ್ಲುಗಳನ್ನು ನೋಡುತ್ತಿದ್ದೆ. ಒಳಗಿನಿಂದ ಗರಗರ ಸದ್ದು, ಡಾಕ್ಟರಮ್ಮನ ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ’. ಹಲ್ಲು ತುಂಡು ತುಂಡಾಗಿ ಬಂತು. ಬೇರು ಕೊಕ್ಕೆಯಂತೆ ಬಾಗಿಕೊಂಡು ದವಡೆಯನ್ನು ಹಿಡಿದುಕೊಂಡಿತ್ತಂತೆ. ಭಾವನ ಹಲ್ಲಲ್ಲವೇ, ಪಟ್ಟು ಬಿಡುತ್ತದೆಯೇ? ಹೊರಗೆ ಬಂದಾಗ ಅವರ ಬಾಯಿ ತುಂಬ ಹತ್ತಿ, ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಕಿತ್ತ ಹಲ್ಲಿನ ತುಂಡುಗಳು. ಬಿಸಾಕಲು ಬಿಟ್ಟಿರಲಿಲ್ಲ. ಅಕ್ಕ ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಅದಕ್ಕೇ ಪೊಟ್ಟಣ ಅಂಗಡಿಗೆ ಹೋಯಿತು.

ಸಂಜೆಗೆ ತುಟಿ ಎಚ್ಚರವಾಯಿತು, ಕೆನ್ನೆ ಎಚ್ಚರವಾಯಿತು. ನಾಲಿಗೆಯ ಎಡಭಾಗ ಏಳಲಿಲ್ಲ. ಮಾರನೆಯ ದಿನವೂ ಏಳಲಿಲ್ಲ. ಡಾಕ್ಟರಮ್ಮ ಮುಳ್ಳಿನಂಥದ್ದರಿಂದ ಚುಚ್ಚಿ ನೋಡಿ, ‘ನರ ಕತ್ತರಿಸಿಲ್ಲ, ಜಗ್ಗಿದೆ ಅಷ್ಟೇ. ನಿಧಾನವಾಗಿ ಬರುತ್ತೆ’ ಎಂದರು. ‘ಯಾವಾಗ?’ ಎಂದು ಜೊತೆಗೆ ಬಂದಿದ್ದ ಅಕ್ಕ ಕೇಳಿದಳು. ‘ಹೇಳೋಕಾಗಲ್ಲ’ ಎಂದರು. ಅವರ ಮುಖವೂ ಬಾಡಿತ್ತು. ಭಾವ ಅವರನ್ನು ಒಂದು ಮಾತೂ ಅನ್ನಲಿಲ್ಲ. ಬದಲಿಗೆ ಆ ಕುರ್ಚಿಯ ಸೀಟನ್ನೂ ತಲೆದಿಂಬನ್ನೂ ಬಿಚ್ಚಿಸಿ ಅಂಗಡಿಗೆ ಹೊತ್ತು ತಂದರು. ಕೆಟ್ಟ ಕುರ್ಚಿ ಕಂಡೂ ಸುಮ್ಮನಿರುವುದು ಅವರ ಕೈಲಾಗದ ಕೆಲಸ.

ಅಂಗಡಿಯಲ್ಲಿ ಜಾಗ ಅದಲುಬದಲಾಯಿತು. ಬೆಳಕಿನ ಕಡೆ ನಾನು, ಮಬ್ಬಿನಲ್ಲಿ ಯಂತ್ರದ ಮುಂದೆ ಅವರು. ಅವರು ಹೊಲಿದ ಗವುಸು ನೋಡಿದರೆ ಕುರ್ಚಿ ಕುಡಿದು ಬಂದಂತೆ ಕಾಣುತ್ತಿತ್ತು. ನಾನು ಹೊಡೆದ ಮೊಳೆಗಳ ಸಾಲು ಅದಕ್ಕೆ ತಕ್ಕ ಜೋಡಿ. ಬಾಯಿ ಖಾಲಿಯಾಗಿದ್ದರೂ ಭಾವ ಮಾತಾಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ, ಅದನ್ನು ಸಹಿಸುವುದು ಕಷ್ಟವಾಯಿತು. ನಡುನಡುವೆ ಎದ್ದು ಬಂದು, ನನಗೆ ಕಾಣದಂತೆ ಒಂದು ಮೊಳೆಯನ್ನು ಬಾಯಿಗೆ ಹಾಕಿಕೊಂಡು, ತುಟಿಗೆ ತಂದು, ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮೊನೆ ಮುಂದಾಗಿರುತ್ತಿತ್ತು. ಮೊಳೆಯನ್ನು ಡಬ್ಬಿಗೆ ಹಾಕಿ ಹಿಂದಕ್ಕೆ ಹೋಗುತ್ತಿದ್ದರು.

ಮನೆಯಲ್ಲಿ ಅಕ್ಕ ಬೇರೆ ಪರೀಕ್ಷೆ ಇಟ್ಟಿದ್ದಳು. ಕಣ್ಣು ಮುಚ್ಚಿಸಿ, ನಾಲಿಗೆಯ ಎಡಗಡೆಗೆ ಒಂದು ಕಾಳು ಉಪ್ಪು ಇಟ್ಟು, ‘ಏನು ಹೇಳಿ’ ಎನ್ನುವಳು. ‘ಸಕ್ಕರೆ’ ಎನ್ನುವರು ಭಾವ, ಧೈರ್ಯವಾಗಿ. ಸಕ್ಕರೆ ಇಟ್ಟ ದಿನ ‘ಉಪ್ಪು’. ‘ಸರಿಯಾಗಿದೆ’ ಎಂದು ಅಕ್ಕ ಎರಡಕ್ಕೂ ಸುಳ್ಳು ಹೇಳಿ ಅಡುಗೆಮನೆಗೆ ಹೋಗುವಳು. ದಿನಾ ಮಧ್ಯಾಹ್ನ ನನಗೆ ಫೋನ್ ಮಾಡಿ, ‘ಏನಾದ್ರೂ ಗೊತ್ತಾಯ್ತಂತಾ?’ ಎಂದು ಕೇಳುವಳು. ಗಂಡನ ಬಾಯಿಗೆ ಇಷ್ಟು ವರ್ಷ ಬೀಗ ಬೇಡಿದವಳು ಈಗ ಅದೇ ಬಾಯಿಗಾಗಿ ಹರಕೆ ಹೊರುವ ಸ್ಥಿತಿಗೆ ಬಂದಿದ್ದಳು.

ಹೀಗಿರುವಾಗ ಡಾಕ್ಟರಮ್ಮನ ಕುರ್ಚಿಯ ಸರದಿ ಬಂತು. ಕೊಳೆತ ಫೋಮು ಕಿತ್ತು ಹೊಸದು ಕೂರಿಸಿ, ರೆಕ್ಸಿನ್ ಗವುಸು ತೊಡಿಸಿ, ತಲೆದಿಂಬಿನ ಹಲಗೆಗೆ ಮೊಳೆ ಹೊಡೆಯಬೇಕು. ನಾನು ಡಬ್ಬಿಗೆ ಕೈ ಹಾಕಿ ಬಾಚಿ ಬಾಯಿಗೆ ಹಾಕಿಕೊಂಡೆ. ಆ ಹೊತ್ತಿಗೆ ನನ್ನ ನಾಲಿಗೆಗೂ ಅಷ್ಟಿಷ್ಟು ವಿದ್ಯೆ ಹತ್ತಿತ್ತು. ಒಂದನ್ನು ಹೆಕ್ಕಿತು. ಅದಕ್ಕೆ ಮೊನೆಯೂ ಇಲ್ಲ, ತಲೆಯೂ ಇಲ್ಲ. ಹಗುರ. ಒರಟು. ಕೊಕ್ಕೆಯಂತೆ ಬಾಗಿದೆ.

ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಗೊತ್ತಾದ ಮೇಲೆ ಮರ್ಯಾದೆ ನೋಡಲಿಲ್ಲ, ಎಲ್ಲವನ್ನೂ ಬೀದಿಯ ತನಕ ಉಗಿದೆ. ಪೊಟ್ಟಣವನ್ನು ಭಾವ ಮೊಳೆಯ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು, ಕಾಗದ ಬಿಚ್ಚಿಕೊಂಡಿತ್ತು. ಅಕ್ಕನ ಗಂಡನ ಹುಳುಕು ಬುದ್ಧಿಹಲ್ಲಿನ ಬೇರನ್ನು ಬಾಯಲ್ಲಿ ಹೊರಳಿಸಿದ ಭಾಮೈದ ಈ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಭಾವ ನಕ್ಕರು. ಎಷ್ಟೋ ದಿನಗಳ ಮೇಲೆ, ಹೊಟ್ಟೆ ಹಿಡಿದುಕೊಂಡು. ಯಂತ್ರ ಬಿಟ್ಟು ಎದ್ದು ಬಂದು, ‘ಹಲ್ಲಿಗೂ ಮೊಳೆಗೂ ವ್ಯತ್ಯಾಸ ಗೊತ್ತಾಗ್ದಿರೋ ಬಾಯಿ. ಸರಿ ಆ ಕಡೆ’ ಎಂದು ನನ್ನನ್ನು ತಳ್ಳಿದರು. ನಗುತ್ತಲೇ ಡಬ್ಬಿಯಿಂದ ಬಾಚಿ ಬಾಯಿಗೆ ಹಾಕಿಕೊಂಡು, ಹಳೆಯ ಅಭ್ಯಾಸದಂತೆ ಎಡಗೆನ್ನೆಗೆ ತಳ್ಳಿ, ಒಂದು ಕೈಯಲ್ಲಿ ರೆಕ್ಸಿನ್ ಎಳೆದು ಇನ್ನೊಂದರಲ್ಲಿ ಸುತ್ತಿಗೆ ಎತ್ತಿದರು. ಮೊಳೆ ತುಟಿಗೆ ಬಂತು. ತಲೆ ಮುಂದೆ. ಹೊಡೆದರು. ಇನ್ನೊಂದು ಬಂತು. ತಲೆ ಮುಂದೆ. ಮತ್ತೊಂದು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅವರಿಗೆ ಮಾತ್ರ ಏನೂ ತಿಳಿದಂತಿರಲಿಲ್ಲ, ಗವುಸಿನ ಸುಕ್ಕಿನ ಮೇಲೇ ಕಣ್ಣು.

ನಡುವೆ ನಿಲ್ಲಿಸಿ, ಮುಖ ಕಿವುಚಿ, ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದರು.

‘ಈ ಮೊಳೆ ಎಲ್ಲಿಂದ ತಂದೆ?’

‘ಮೂಲೆ ಅಂಗಡಿಯಿಂದ. ಯಾಕೆ?’

‘ತುಕ್ಕು ಹಿಡಿದಿದೆ. ಥೂ, ಬಾಯೆಲ್ಲ ತುಕ್ಕು. ನೋಡಿ ತರೋಕಾಗಲ್ವಾ ನಿನಗೆ? ಕಣ್ಣು ಯಾಕೆ ಇಟ್ಕೊಂಡಿದ್ದೀಯ?’

ಅಷ್ಟು ಹೇಳಿ ನಿಂತರು. ಕೈಯಲ್ಲಿದ್ದ ಮೊಳೆಗಳನ್ನು ನೋಡಿದರು. ನಾಲಿಗೆಯನ್ನು ಎಡಗಡೆಯ ಹಲ್ಲುಗಳಿಗೆ ಒಂದು ಸಲ ಒತ್ತಿ ನೋಡಿಕೊಂಡರು. ದೇವರಿಗೆ ಕೈಮುಗಿಯಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಆ ತುಕ್ಕು ಹಿಡಿದ ಮೊಳೆಗಳನ್ನೇ ಅಂಗಿಯ ತುದಿಗೆ ಒರೆಸಿ ಮತ್ತೆ ಬಾಯಿಗೆ ಹಾಕಿಕೊಂಡು ಬಗ್ಗಿದರು. ಸುತ್ತಿಗೆ ನನ್ನ ಕೈಗೆ ವಾಪಸ್ಸು ಬರಲಿಲ್ಲ. ಇಷ್ಟು ದಿನ ನಾಲಿಗೆ ಚುಚ್ಚಿಸಿಕೊಂಡು ಕಲಿತ ನನಗೆ ಒಂದು ಧನ್ಯವಾದವೂ ಇಲ್ಲದೆ ಮತ್ತೆ ಮಬ್ಬಿನ ಕಡೆಗೆ ವರ್ಗವಾಯಿತು. ನನಗೆ ಆದ ಸಂತೋಷವನ್ನು ತೋರಿಸಿಕೊಳ್ಳಬಾರದೆಂದು ಯಂತ್ರಕ್ಕೆ ಸುಮ್ಮನೆ ಎಣ್ಣೆ ಬಿಟ್ಟೆ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

‘ಏನಾದ್ರೂ ಗೊತ್ತಾಯ್ತಂತಾ?’

‘ನಿನ್ನ ಗಂಡ ನನ್ನನ್ನ ಬೈದ್ರು’ ಎಂದೆ.

‘ಬೈದ್ರಾ? ಏನಂತ?’

‘ನಾನು ತಂದ ಮೊಳೆ ತುಕ್ಕು ರುಚಿ ಅಂತೆ.’

ಬಾಗಿಲ ಹತ್ತಿರ ಸುತ್ತಿಗೆಯ ಸದ್ದು ಎರಡೆರಡು ಏಟಾಗಿ ಬೀಳುತ್ತಿತ್ತು, ಫೋನಿನಲ್ಲಿ ಅವಳಿಗೂ ಕೇಳಿಸಿರಬೇಕು. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

‘ಇನ್ನೊಂದ್ಸಲ ಹೇಳು’ ಎಂದಳು.

ಹೇಳಿದೆ.